ನಿಜಗುಣನ ಚುರುಕು ಕಿಣ್ವ

ತುಂಗಭದ್ರೆಯ ದಡದಲ್ಲಿ ಒಂದು ಪುಟ್ಟ ಪ್ರಯೋಗಾಲಯ. ಅಲ್ಲಿ ಮೃಡಾನಿ ಮೇಡಂ ಗುರು, ನಿಜಗುಣ ಶಿಷ್ಯ.

ಒಂದು ಬೆಳಿಗ್ಗೆ ನಿಜಗುಣ ಕೈಗವಸನ್ನೂ ಬಿಚ್ಚದೆ ಮೆಟ್ಟಿಲು ಹಾರಿಕೊಂಡು ಬಂದ. ಮೇಡಂ ಹೊಳೆ ಕಡೆಯ ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದರು.

"ಮೇಡಂ, ಕತ್ತರಿಸ್ತು. ವಾಪಸ್ ಜೋಡಿಸ್ತು ಕೂಡ. ನನ್ನ ತಂಗಿ ಉಳೀತಾಳೆ."

ಅವನ ತಂಗಿ ದಾಕ್ಷಾಯಣಿಯ ಡಿಎನ್‌ಎಯಲ್ಲಿ ಬೇಡದ ತುಂಡೊಂದು ಹುಟ್ಟಿನಿಂದಲೇ ಸೇರಿಕೊಂಡು ರಕ್ತ ಕೆಡಿಸುತ್ತಿತ್ತು. ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ಮಾತ್ರ ಕತ್ತರಿಸಿ ಮತ್ತೆ ಜೋಡಿಸುವ ಕಿಣ್ವವೊಂದಿದೆ. ಆದರೆ ಅದಕ್ಕೆ ದಾಕ್ಷಾಯಣಿಯ ಆ ತುಂಡಿರುವ ಜಾಗದ ಗುರುತಿರಲಿಲ್ಲ. ನಿಜಗುಣ ಆ ಕಿಣ್ವವನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ನೂರಾರು ರೂಪಾಂತರ ಮಾಡಿದ್ದ. ತಂಗಿಯ ಜೀವಕೋಶಗಳಲ್ಲಿ ಎಲ್ಲಕ್ಕಿಂತ ಚುರುಕಾಗಿ ದುಡಿದದ್ದನ್ನು ಆರಿಸಿಕೊಂಡಿದ್ದ. ಖುಷಿಗೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಆಸ್ಪತ್ರೆಯವರಿಗೆ ಇವತ್ತೇ ಫೋನ್ ಮಾಡ್ಲಾ ಮೇಡಂ?"

ಮೇಡಂ ಲೋಟ ಕೆಳಗಿಟ್ಟು, ಸೆರಗು ಸರಿಸಿ, ತೋಳು ಚಾಚಿದರು.

"ನನ್ನ ರಕ್ತ ತಗೋ. ಅದಕ್ಕೆ ನಿನ್ನ ಕಿಣ್ವ ಹಾಕಿ ನೋಡು."

"ನಿಮ್ಮಲ್ಲಿ ಆ ತುಂಡೇ ಇಲ್ವಲ್ಲ. ಅಲ್ಲಿ ಅದಕ್ಕೇನು ಕೆಲಸ?"

"ಅದನ್ನೇ ನೋಡು."

ಮೇಡಂಗೆ ವಯಸ್ಸಾಯಿತು ಎಂದುಕೊಂಡು ನಗುತ್ತಲೇ ರಕ್ತ ತೆಗೆದ.

ವಾರ ಕಳೆದು ಬಂದಾಗ ಆ ನಗು ಎಲ್ಲಿ ಹೋಗಿತ್ತೋ. ಮೇಡಂ ಅವರ ಜೀವಕೋಶಗಳಲ್ಲಿ ಕಿಣ್ವ ಸಿಕ್ಕ ಸಿಕ್ಕಲ್ಲಿ ಕತ್ತರಿಸಿ, ಯಾವುದಕ್ಕೋ ಯಾವುದನ್ನೋ ಜೋಡಿಸಿಟ್ಟಿತ್ತು. ಇದನ್ನು ತಂಗಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ನೆನೆದು ಅವನಿಗೆ ಭಯವಾಯಿತು.

"ಹೊಸ ಜಾಗ ಕಲಿಸ್ದೆ ಅಂದ್ಕೊಂಡಿದ್ದೆ ಮೇಡಂ."

"ಕಲಿಸ್ದೆ. ಜೊತೆಗೆ ಬೇರೆ ಕಡೆ ಮುಟ್ಟಬಾರದು ಅನ್ನೋ ಹಳೇ ಕಟ್ಟುನಿಟ್ಟನ್ನೂ ಬಿಡಿಸ್ದೆ."

ಕೂತಿದ್ದ ನಿಜಗುಣ ದಡಕ್ಕನೆ ಎದ್ದ.

"ಮೇಡಂ, ನಿಧಾನ ಅಂತ ಬದಿಗಿಟ್ಟ ರೂಪಾಂತರಗಳೆಲ್ಲ ಫ್ರೀಜರ್‌ನಲ್ಲೇ ಇವೆ. ಅವುಗಳಲ್ಲಿ ಒಂದಾದ್ರೂ..."

ಮಾತು ಮುಗಿಸುವಷ್ಟು ತಾಳ್ಮೆಯಿಲ್ಲದೆ ಬಾಗಿಲಿಗೆ ಓಡಿದ. ಅಲ್ಲಿ ನಿಂತು ತಿರುಗಿದ.

"ತಂಗಿಯ ಜೀವಕೋಶದಲ್ಲಿ ಮತ್ತೆ ಮೊದಲಿಂದ ನೋಡ್ಲಾ?"

ಮೇಡಂ ಆಗಲೇ ಎದ್ದಿದ್ದರು. ಅವರ ಕಣ್ಣಲ್ಲೂ ಅವನಷ್ಟೇ ಆತುರವಿತ್ತು.

"ಮೊದಲು ನನ್ನನ್ನ ಮುಟ್ಟದೆ ಬಿಡೋದು ಯಾವುದು ಅಂತ ಹುಡುಕು. ಅದರ ಕೈಗೆ ತಂಗೀನ ಕೊಡು."