ನುಡಿಸದೆ ಬಿಟ್ಟ ಕೊನೆಯ ಸುತ್ತು

"ಗುರುಗಳೇ, ಹೋದವರನ್ನು ಹೋಗಗೊಡದೆ ಹಿಡಿದಿಟ್ಟುಕೊಂಡರೆ ಯಾರಿಗೇನು ನಷ್ಟ?" ಎಂದು ನರಹರಿ ಕೇಳಿದ. ತಮ್ಮ ತೀರಿಕೊಂಡು ವರ್ಷ ತುಂಬುತ್ತ ಬಂದಿದ್ದರೂ ಅವನ ಅಸ್ಥಿಯನ್ನು ನರಹರಿ ಇನ್ನೂ ಹೊಳೆಗೆ ಬಿಟ್ಟಿರಲಿಲ್ಲ. ಮನೆಯವರು ಹೇಳಿ ಹೇಳಿ ಸಾಕಾಗಿ ಅವನನ್ನು ಮಠಕ್ಕೆ ಅಟ್ಟಿದ್ದರು.

"ಮೊದಲು ಕೂತುಕೋ," ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಮೆಕ್ಸಿಕೊ ಅಂತ ಒಂದು ದೇಶ. ನಮ್ಮ ಸಾರಿಗೆ ಬೀಳುವ ಮೆಣಸಿನಕಾಯಿಯ ತವರು ಅದೇ. ಅಲ್ಲಿ ಬಿಸಿಲುಸೀಮೆಯ ಒಂದು ಹಳ್ಳಿಯಲ್ಲಿ ಒಬ್ಬ ಪಿಟೀಲುಗಾರನಿದ್ದ. ಆ ಕಡೆ ಕುಣಿತಕ್ಕೆ ಮದ್ದಳೆ ಬೇಕಿಲ್ಲ. ನೆಲದಲ್ಲಿ ಒಂದು ಗುಂಡಿ ತೋಡಿ, ಅದರ ಮೇಲೆ ಹಲಗೆ ಹಾಸುತ್ತಾರೆ. ಪಿಟೀಲು, ಗಿಟಾರು ಶುರುವಾಯಿತೋ, ಕುಣಿಯುವವರು ಹಲಗೆ ಹತ್ತುತ್ತಾರೆ. ಅವರ ಕಾಲೇ ಮದ್ದಳೆ. ಮದುವೆಗೂ ಅದೇ, ಸುಗ್ಗಿಗೂ ಅದೇ, ಸಾವಿಗೂ ಅದೇ.

ಎಳೆಯ ಮಕ್ಕಳು ಸತ್ತರೆ ಅಲ್ಲಿ ಯಾರೂ ಅಳುವಂತಿಲ್ಲ. ಅತ್ತರೆ ಮಗುವಿನ ರೆಕ್ಕೆ ಒದ್ದೆಯಾಗಿ ಹಾರಲಾರದು ಅಂತ ನಂಬಿಕೆ. ಮಗುವಿಗೆ ಕಾಗದದ ಕಿರೀಟ ಇಟ್ಟು, ಹೂವಿನ ನಡುವೆ ಮಲಗಿಸಿ, ಅದರೆದುರಿಗೆ ನುಡಿಸುತ್ತಾರೆ, ಕುಣಿಯುತ್ತಾರೆ. ಕಟ್ಟಕಡೆಗೆ ಪಿಟೀಲುಗಾರ ಬೀಳ್ಕೊಡುವ ಮಟ್ಟನ್ನು ನುಡಿಸಬೇಕು. ಅದರ ಕೊನೆಯ ಸುತ್ತು ಮುಗಿದ ಮೇಲೆಯೇ ಮಗುವನ್ನು ಎತ್ತುವುದು. ಅದನ್ನು ಕೇಳಿಸಿಕೊಂಡ ಮಗು ಮತ್ತೆ ಹಿಂತಿರುಗಿ ನೋಡುವುದಿಲ್ಲವಂತೆ.

ಈ ಪಿಟೀಲುಗಾರ ಎಷ್ಟೋ ಮನೆಯ ಮಕ್ಕಳನ್ನು ಹಾಗೆ ಕಳಿಸಿಕೊಟ್ಟಿದ್ದ. "ಅಳಬೇಡಿ ತಾಯಿ, ದಾರಿ ಬಿಡಿ" ಎಂದು ಹೆತ್ತವರಿಗೆ ಬುದ್ಧಿ ಹೇಳಿದ್ದ. ಊರಿಗೆಲ್ಲ ಬುದ್ಧಿ ಹೇಳುವುದು ಸುಲಭ ಕಣಯ್ಯ. ಒಂದು ಬೇಸಿಗೆಯಲ್ಲಿ ಜ್ವರ ಬಂತು. ಅವನದೇ ಮಗಳು, ಚಾಯೋ ಅಂತ ಹೆಸರು, ಇನ್ನೂ ಹಾಲುಹಲ್ಲು ಬೀಳದ ಕೂಸು, ಹೋಗಿಬಿಟ್ಟಳು.

ಅವನೇ ಪಿಟೀಲು ಹಿಡಿದ. ಬೀಳ್ಕೊಡುವ ಮಟ್ಟನ್ನೂ ಎತ್ತಿಕೊಂಡ. ಆದರೆ ಕೊನೆಯ ಸುತ್ತು ಬಂದಾಗ ಕಮಾನನ್ನು ಕೆಳಗಿಳಿಸಿದ. ಹೆತ್ತ ಕರುಳು, ಕೈ ಸೋತಿತು ಎಂದುಕೊಂಡು ಜನ ಮಗುವನ್ನು ಎತ್ತಿದರು. ಕೈ ಸೋತಿರಲಿಲ್ಲ. ಮಗಳು ಹೋಗದಿರಲಿ ಎಂದು ಅವನು ಬೇಕೆಂದೇ ಬಿಟ್ಟಿದ್ದ.

ಕೆಲವು ದಿನ ಕಳೆಯಿತು. ಮಟಮಟ ಮಧ್ಯಾಹ್ನ ಅವನು ಅಂಗಳದಲ್ಲಿ ಕೂತು ಪಿಟೀಲು ನುಡಿಸುತ್ತಿದ್ದ. ಎದುರಿಗೆ ಗುಂಡಿಯ ಮೇಲೆ ಹಾಸಿದ್ದ ಕುಣಿತದ ಹಲಗೆ ತಾಳ ಹಾಕಿತು. ತಲೆ ಎತ್ತಿ ನೋಡಿದ. ಯಾರೂ ಇಲ್ಲ. ಹಲಗೆಯ ಮೇಲಿನ ಧೂಳು ಮಾತ್ರ ಒಂದೊಂದು ಪೆಟ್ಟಿಗೂ ಏಳುತ್ತಿತ್ತು. ಪುಟ್ಟ ಕಾಲಿನ ಪೆಟ್ಟು. ಬದುಕಿದ್ದಾಗ ಚಾಯೋ ಆ ಹಲಗೆಯ ಮೇಲೆ ಕುಣಿಯುವಾಗ, ತಿರುಗುವ ಕಡೆ ಯಾವಾಗಲೂ ಒಂದು ಹೆಜ್ಜೆ ಹಿಂದೆ ಬೀಳುತ್ತಿದ್ದಳು. ಈ ಪೆಟ್ಟೂ ಅಲ್ಲೇ ಹಿಂದೆ ಬಿತ್ತು. ಅವನ ಮೈ ಜುಮ್ಮೆಂದಿತು. ಆಮೇಲೆ ತಡೆಯಲಾರದಷ್ಟು ಸಂತೋಷವಾಯಿತು.

ಅಂದಿನಿಂದ ಅವನಿಗೆ ಬೇರೆ ಕೆಲಸವೇ ಇಲ್ಲ. ಮದುವೆಗೆ ಕರೆದರೆ ಹೋಗಲಿಲ್ಲ, ಸಾವಿಗೆ ಕರೆದರೂ ಹೋಗಲಿಲ್ಲ. ಬಿಸಿಲು ನೆತ್ತಿಗೇರುವುದೇ ತಡ, ಪಿಟೀಲು ಹಿಡಿದು ಅಂಗಳಕ್ಕೆ ಬರುವನು. ಹಲಗೆ ಸದ್ದು ಮಾಡುವುದು. ಹೆಂಡತಿಯೂ ಮೊದಮೊದಲು ಹೊಸ್ತಿಲಲ್ಲಿ ನಿಂತು ಕೇಳಿ ಕಣ್ಣರಳಿಸಿದಳು. ಬರಬರುತ್ತ ಕಿವಿ ಮುಚ್ಚಿಕೊಂಡು ಒಳಗೆ ಹೋಗತೊಡಗಿದಳು. ಊರ ನಾಯಿಗಳು ಆ ಅಂಗಳವನ್ನು ಬಳಸಿಕೊಂಡು ಹೋಗುತ್ತಿದ್ದವು.

ಒಂದು ದಿನ ತಾಳ ಕುಂಟಿತು. ಅವನು ನಿಧಾನವಾಗಿ ನುಡಿಸಿದ. ಮರುದಿನ ಇನ್ನೂ ಕುಂಟಿತು. ಅವನು ಇನ್ನೂ ನಿಧಾನ ಮಾಡಿದ.

ಹೆಂಡತಿ ಬಂದು ಎದುರಿಗೆ ನಿಂತಳು. "ನಿಮಗೆ ತಾಳ ಕೇಳಿಸುತ್ತದೆ. ನನಗೆ ಮಗುವಿನ ಏದುಸಿರು ಕೇಳಿಸುತ್ತದೆ. ಸಾಕು ಮಾಡಿ."

"ಬಾಯಿ ಮುಚ್ಚೇ! ಅವಳು ಅಪ್ಪನಿಗಾಗಿ ಬರುತ್ತಿದ್ದಾಳೆ. ಬೇಡವಾದರೆ ಅವಳೇ ನಿಲ್ಲಿಸುತ್ತಾಳೆ."

"ಹಾಗಾದರೆ ಪಿಟೀಲು ಕೆಳಗಿಡಿ. ನೋಡೋಣ."

ಅವನು ಹಟಕ್ಕೆ ಬಿದ್ದು ಕೆಳಗಿಟ್ಟ. ಅಂಗಳದಲ್ಲಿ ಗಾಳಿಯೂ ಇರಲಿಲ್ಲ. ಹಲಗೆಯ ಸದ್ದು ನಿಲ್ಲಲಿಲ್ಲ. ಬಡಿಯಿತು, ತಡವರಿಸಿತು, ಮತ್ತೆ ಬಡಿಯಿತು. ಇಬ್ಬರೂ ನೋಡುತ್ತಿದ್ದಂತೆ ಧೂಳಿನ ಮೇಲೆ ಪುಟ್ಟ ಪುಟ್ಟ ಹೆಜ್ಜೆಗಳು ಒದ್ದೆಯಾಗಿ ಮೂಡಿದವು. ಅಂದಿನವರೆಗೆ ಅಲ್ಲಿ ಹೆಜ್ಜೆಗುರುತು ಕಂಡದ್ದೇ ಇಲ್ಲ. ಅವನು ಓಡಿ ಹೋಗಿ ಮುಟ್ಟಿದ. ಬೆರಳಿಗೆ ಹತ್ತಿದ್ದು ನೀರಲ್ಲ, ನೆತ್ತರು.

ಅವಳು ನಿಲ್ಲಿಸಲಾರಳು ಎಂಬುದು ಆಗ ಅವನ ತಲೆಗೆ ಹೊಳೆಯಿತು. ಅಪ್ಪ ಕಳಿಸಿಕೊಡದೆ ಅವಳು ಹೋಗುವ ಹಾಗಿಲ್ಲ. ಹೋಗುವವರೆಗೆ ಕಾಲು ನಿಲ್ಲಿಸಿ ಕೂರುವ ಹಾಗೂ ಇಲ್ಲ. ತಾನು ಕುಣಿಸಿದ ಒಂದೊಂದು ಮಧ್ಯಾಹ್ನವೂ ಅವನ ಎದೆಯನ್ನು ಹಿಂಡಿತು.

ಪಿಟೀಲನ್ನು ಮತ್ತೆ ಎತ್ತಿಕೊಂಡ. ಬಿಟ್ಟಿದ್ದ ಸುತ್ತನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದ. ಹಲಗೆ ಸುಮ್ಮನಾಯಿತು. ಆಮೇಲೆ ಬರಿಯ ಮಣ್ಣಿನ ಮೇಲೆ ಯಾರೋ ಇಳಿದ ಸದ್ದು. ಬೇಲಿಯ ಬಾಗಿಲು ತಾನಾಗಿ ತೆರೆದುಕೊಂಡಿತು. ಹೆಂಡತಿ ಅಲ್ಲೇ ಕುಸಿದು ಕೂತಳು. ಅವನು ಬೇಲಿಯ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಆ ಅಂಗಳದಲ್ಲಿ ಮತ್ತೆ ಯಾವ ಸದ್ದೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನರಹರಿಯ ಕಣ್ಣು ತುಂಬಿತ್ತು.

"ಪಾಪ, ಗುರುಗಳೇ," ಎಂದ ಅವನು. "ಮಗಳ ಸದ್ದೂ ಇಲ್ಲದ ಮೇಲೆ ಆ ತಂದೆ ಹೇಗೆ ಬದುಕಿದ?"

ಗುರುಗಳು ಅವನನ್ನೇ ನೋಡಿ ಹೇಳಿದರು: "ಇಷ್ಟು ಕೇಳಿದ ಮೇಲೂ ತಂದೆಯ ಗತಿ ಕೇಳಿದೆಯಲ್ಲಪ್ಪ, ಮಗುವಿನ ಕಾಲು ಏನಾಯಿತು ಅಂತ ಕೇಳಲಿಲ್ಲ."