ಚಾವಡಿಗೆ ಬಂದ ದೋಣಿ

೧೯೬೧ರ ಏಪ್ರಿಲ್ ೧೯, ಬುಧವಾರ. ನಮ್ಮ ಮಾವ ಶೀನಪ್ಪ ಹೆಗ್ಡೆಯವರ ಜನರನ್ನು ದಾಟಿಸುವ ಕಡವಿನ ದೋಣಿ ಹೊಳೆ ಬಿಟ್ಟು ಮನೆಗೆ ಬಂದ ದಿನವೆಂದು ನನ್ನ ಹಳೆಯ ಡೈರಿಯಲ್ಲಿದೆ.

ಹಿಂದಿನ ಸಂಜೆ ಅಂಬಿಗ ಅಂಗಳದಲ್ಲಿ ನಿಂತು ಕೇಳಿದ್ದ: "ಒಡೆಯಾ, ದೋಣಿಗೆ ಬಳಿಯಲು ಗೇರೆಣ್ಣೆ ಬೇಕಿತ್ತು. ದಡದಲ್ಲಿ ತೆಂಗಿನ ಮಡಲಿನ ಚಪ್ಪರವೊಂದು ಬೇಕಿತ್ತು."

"ನಯಾಪೈಸೆ ಸಿಗುವುದಿಲ್ಲ," ಎಂದರು ಹೆಗ್ಡೆಯವರು. "ಆದರೆ ದೋಣಿಗೆ ಬಿಸಿಲೂ ತಾಗಬಾರದು, ನೀರೂ ತಾಗಬಾರದು. ಹಲಗೆ ಸೀಳಿತೋ, ನಿನ್ನ ಕೆಲಸ ಹೋಯಿತು."

ಅಂಬಿಗ ತಲೆಯಾಡಿಸಿ ಹೋದ.

ಮರುದಿನ ಊಟವಾದ ಮೇಲೆ ಹೆಗ್ಡೆಯವರು ಚಾವಡಿಯ ತಂಪಿನಲ್ಲಿ ಮಲಗಿದರು. ಕನಸಿನಲ್ಲಿ ಹೊಳೆ ಹರಿಯುತ್ತಿತ್ತು. ಬೆಳ್ಳಕ್ಕಿಗಳು ನೀರಿಗೆ ತಾಗಿದಂತೆ ಹಾರುತ್ತಿದ್ದವು. ಯಾರೋ "ಮೆಲ್ಲ, ಮೆಲ್ಲ" ಎನ್ನುತ್ತಿದ್ದರು. ಅವರು ನೀರು ಮುಟ್ಟಲು ಕೈ ಚಾಚಿದರು. ಕೈಗೆ ನಿಜವಾದ ಹಲಗೆ ಸಿಕ್ಕಿತು.

ಕಣ್ಣು ಬಿಟ್ಟರೆ ಮಗ್ಗುಲಲ್ಲೇ ದೋಣಿ! ಅದರೊಳಗೆ ಚಿಕ್ಕು ಎಂಬ ಮೀನು ಮಾರುವ ಮುದುಕಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು.

"ಇದೆಂತದಾ?"

ಅಂಬಿಗ ಕೈಮುಗಿದ. "ಬಿಸಿಲೂ ನೀರೂ ಇಲ್ಲದ ಜಾಗ ಊರಲ್ಲಿ ಇದೊಂದೇ, ಒಡೆಯಾ."

"ಜನ ಹೊಳೆ ದಾಟುವುದು ಹೇಗಾ?"

"ನಾನೂ ಅದನ್ನೇ ಕೇಳ್ತಿದ್ದೆ," ಎಂದಳು ಚಿಕ್ಕು. "ಮೀನು ಹಾಳಾಗ್ತದೆ, ಬೇಗ ಹೊರಡಿ. ಹುಟ್ಟು ನೀವು ಹಾಕ್ತೀರೋ, ಅವನೋ?"

ಹೆಗ್ಡೆಯವರು ದೋಣಿಯ ಅಂಚಿನ ಮೇಲೆ ಕೈಯಿಟ್ಟು ಎದ್ದು ಕುಳಿತರು. ಕನಸಿನ ಹೊಳೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಆಮೇಲೆ ಸೊಂಟದಿಂದ ಹಣದ ಪೆಟ್ಟಿಗೆಯ ಬೀಗದಕೈ ಬಿಚ್ಚಿದರು.

ಒಟ್ಟು ಖರ್ಚು: ಗೇರೆಣ್ಣೆಗೆ ಆರು ರೂಪಾಯಿ, ಹೆಣೆದ ಮಡಲಿಗೆ ಎರಡೂವರೆ. ದೋಣಿ ಹೊತ್ತು ತಂದವರಿಗೆ, ಮಾವ ಏಳುವ ಮೊದಲೇ ನಾನು ಕೊಟ್ಟ ಬೆಲ್ಲ-ನೀರು ಮನೆಯದು.