ಕಡಲಿಗೆ ನಮಸ್ಕರಿಸಿದ ಬಳ್ಳಿ

ದೇವರು ನೆಲವನ್ನೂ ನೀರನ್ನೂ ಬೇರೆ ಮಾಡಿ, ಕೈ ತೊಳೆದು, ಇನ್ನೂ ಒರೆಸಿಕೊಂಡಿರದ ಕಾಲ ಅದು, ಮಗಾ. ಯಾರ ಜಾಗ ಎಲ್ಲಿಯವರೆಗೆ ಎಂದು ಯಾರಿಗೂ ಹೇಳಿರಲಿಲ್ಲ.

ಕಡಲಜ್ಜನಿಗೆ ನಡೆಯುವುದೆಂದರೆ ಬಲು ಇಷ್ಟ. ಇವತ್ತು ಒಂದು ಹೆಜ್ಜೆ ಮುಂದೆ, ನಾಳೆ ಇನ್ನೊಂದು ಹೆಜ್ಜೆ. ಹೆಜ್ಜೆಯಿಟ್ಟಲ್ಲೆಲ್ಲ ಮರಳು ಕರಗಿ ಹೋಗುತ್ತಿತ್ತು.

ಆ ಮರಳಿನಲ್ಲೇ ಆಮೆತಾಯಿ ಮೊಟ್ಟೆ ಹೂತಿಟ್ಟಿದ್ದಳು. ಅಲೆ ಹತ್ತಿರವಾದಂತೆ ಅವಳು ಮೇಲೆ ಹಾರುತ್ತಿದ್ದ ಹದ್ದನ್ನು ಕೂಗಿದಳು.

"ಹದ್ದಣ್ಣಾ, ದಡ ಹೋಗ್ತಾ ಇದೆ, ನೋಡೋ!"

"ಹೋದ್ರೆ ಹೋಗ್ಲಿ ಅಕ್ಕಾ. ನಂಗೆ ರೆಕ್ಕೆ ಇದೆಯಲ್ಲ."

ತೆಂಗಿನಮರ ತಲೆಯನ್ನೂ ಬಗ್ಗಿಸಲಿಲ್ಲ. "ನನ್ನ ಬುಡಕ್ಕೆ ಬಂದಾಗ ಹೇಳು. ಈಗಿಂದಲೇ ಯಾಕೆ ಗಲಾಟೆ?"

ನರಿ ಮಾತ್ರ ಹತ್ತಿರ ಬಂದು ಮೂಸಿತು. "ಮೊಟ್ಟೆ ಹೇಗೂ ನೀರುಪಾಲು. ನಂಗಾದ್ರೂ ಕೊಡಬಾರದಾ?"

ಅದೇ ತೆಂಗನ್ನು ಸುತ್ತಿಕೊಂಡು ಅಡುಂಬು ಬಳ್ಳಿ ಹತ್ತುತ್ತಿದ್ದಳು. ಇನ್ನೊಂದು ಗೇಣು ಹತ್ತಿದ್ದರೆ ತುದಿ, ಆಮೇಲೆ ಬರೀ ಆಕಾಶ. ಆಮೆಯ ಅಳು ಅವಳ ಕಿವಿಗೆ ಬಿತ್ತು. ಒಮ್ಮೆ ಮೇಲೆ ನೋಡಿದಳು. ಮತ್ತೆ ಸುತ್ತು ಬಿಚ್ಚುತ್ತ ಇಳಿಯತೊಡಗಿದಳು.

"ನೀನು ಹೋಗಿ ಏನು ಕಡಿದು ಹಾಕ್ತೀಯೆ? ನಿಂಗೆ ಬೆನ್ನೆಲುಬೇ ಇಲ್ಲ!" ಎಂದು ತೆಂಗು ನಕ್ಕಿತು.

"ಅದಕ್ಕೇ ಬಗ್ಗೋದು ನಂಗೆ ಸುಲಭ, ಅಣ್ಣಾ."

ಮೊಟ್ಟೆಗೂ ಅಲೆಗೂ ನಡುವೆ ಅವಳು ಮೈಯುದ್ದ ಮಲಗಿದಳು. ಒಂದೊಂದು ಎಲೆಯನ್ನೂ ಎರಡಾಗಿ ಸೀಳಿ, ಕೈಮುಗಿದಂತೆ ಜೋಡಿಸಿದಳು. "ಅಜ್ಜಾ, ಹರಸಿ."

ಕಡಲಜ್ಜ ಎತ್ತಿದ ಹೆಜ್ಜೆಯನ್ನು ಹಾಗೇ ಹಿಡಿದ. ನಮಸ್ಕಾರಕ್ಕೆ ಮಲಗಿದವರನ್ನು ದಾಟಿ ಹೋಗುವುದುಂಟೆ? ಎಷ್ಟು ದೊಡ್ಡವರಾದರೂ ನಿಂತು ಹರಸಲೇಬೇಕು.

"ಏಳು ಮಗಳೇ, ಏಳು."

"ನಾನು ಎದ್ದರೆ ನೀವು ನಡೀತೀರಿ, ಅಜ್ಜಾ. ಮಲಗಿಯೇ ಇರ್ತೀನಿ."

ಅಜ್ಜ ನೊರೆ ಉಕ್ಕುವಂತೆ ನಕ್ಕ. "ಜಾಣೆ ನೀನು! ನಿನ್ನ ಬೇರು ಮರಳನ್ನು ಬಿಗಿಯಾಗಿ ಹಿಡಿಯಲಿ. ನನ್ನ ಉಪ್ಪು ನಿನ್ನನ್ನು ಸುಡದಿರಲಿ. ನೀನು ಮಲಗಿರುವವರೆಗೂ ನಾನು ದಾಟುವುದಿಲ್ಲ." ಅವಳ ತಲೆ ಮುಟ್ಟಿ ಹಿಂದೆ ಸರಿದ.

ಮೊಟ್ಟೆಯೊಡೆದು ಬಂದ ಮರಿಗಳು ಅವಳ ಎಲೆಗಳಡಿ ನುಸುಳಿ ನೀರಿಗೆ ಓಡಿದವು. ಆಮೆತಾಯಿ ಅತ್ತಳು, ಈ ಸಲ ಸಂತೋಷಕ್ಕೆ. ತೆಂಗೂ ಬಿದ್ದುಹೋಗದೆ ಉಳಿಯಿತು. ಯಾರಿಂದ ಎಂದು ಅದಕ್ಕೆ ಗೊತ್ತಿಲ್ಲ, ಪಾಪ. ನಮಗೂ ಗೊತ್ತಿರುವುದಿಲ್ಲ. ಕಾಲಿಗೆ ತೊಡರುತ್ತದೆ ಎಂದು ಬಳ್ಳಿಯನ್ನು ಕಿತ್ತೆಸೆಯುತ್ತೇವೆ. ಕಿತ್ತ ಜಾಗದಲ್ಲಿ ಅಜ್ಜನಿಗೆ ನಿಲ್ಲಲು ಕಾರಣವಿಲ್ಲ, ಅವನು ನಡೆದು ಬರುತ್ತಾನೆ.

ಇಷ್ಟಾದರೂ ನಾವು ನಿಲ್ಲುವಷ್ಟು ನೆಲ ಉಳಿದಿದೆ. ಭಗವಂತ ದೊಡ್ಡವನು.

ಅದಕ್ಕೇ ಮಗಾ, ಕಡಲ ದಂಡೆಯಲ್ಲಿ ನೇರಳೆ ಹೂವಿನ ಅಡುಂಬು ಬಳ್ಳಿ ಇವತ್ತಿಗೂ ಮೇಲೇಳದೆ, ಸೀಳೆಲೆಗಳ ಕೈಮುಗಿದು, ಅಲೆಯ ಕಡೆಗೇ ತಲೆಯಿಟ್ಟು ಮಲಗಿದೆ.